ಕೇಳದ ಪ್ರಶ್ನೆಗೆ ಪ್ರಯೋಗಾಲಯ ಉತ್ತರಿಸುವುದಿಲ್ಲ

ತುಮಕೂರು ರಸ್ತೆಯಲ್ಲಿ ಯಶವಂತಪುರ ದಾಟಿ ಗೊರಗುಂಟೆಪಾಳ್ಯಕ್ಕೆ ಬಂದರೆ ಇಂಡಿಯನ್ ಬ್ಯೂರೋ ಆಫ್ ಮೈನ್ಸ್‌ನ ಕಚೇರಿ, ಖನಿಜ ಸಂಸ್ಕರಣಾ ಪ್ರಯೋಗಾಲಯ ಸಿಗುತ್ತವೆ. ಅದಿರನ್ನು ಪುಡಿ ಮಾಡಿ ಬೇಕಾದ್ದನ್ನು ಬೇರೆ ಮಾಡುವ ವಿದ್ಯೆ ಅಲ್ಲಿಯದು. ಆ ವಿದ್ಯೆ ಶುರುವಾಗುವುದೇ ಸೂಕ್ಷ್ಮದರ್ಶಕದಿಂದ. ಕಲ್ಲಿನಲ್ಲಿ ಯಾವ ಖನಿಜಗಳಿವೆ, ಕಣ ಎಷ್ಟು ದಪ್ಪ, ಯಾವುದು ಯಾವುದರೊಳಗೆ ಹೆಣೆದುಕೊಂಡಿದೆ ಎಂದು ತಿಳಿಯದೆ ಮುಂದೆ ಹೋಗುವಂತಿಲ್ಲ. ಇದೇ ಪ್ರಶ್ನೆಯನ್ನು ಅನ್ವೇಷಣೆಯ ಹೊತ್ತಿಗೇ, ಬೋರ್ ಕೊರೆದು ಕಂಬದಂಥ ಕಲ್ಲಿನ ತುಂಡು, ಅಂದರೆ ಕೋರ್, ತೆಗೆದ ದಿನಗಳಲ್ಲೇ, ಯಾಕೆ ಇಷ್ಟೇ ಶ್ರದ್ಧೆಯಿಂದ ಕೇಳುವುದಿಲ್ಲ ಎನ್ನುವುದು ನನ್ನ ತಕರಾರು.

ಕಬ್ಬಿಣ ಹುಡುಕುವವರು ಪ್ರಯೋಗಾಲಯಕ್ಕೆ ಕಬ್ಬಿಣ, ಸಿಲಿಕಾ, ಅಲ್ಯೂಮಿನಾ, ರಂಜಕಗಳ ಪ್ರಮಾಣ ಕೇಳುತ್ತಾರೆ. ಚಿನ್ನದವರು ಟನ್ನಿಗೆ ಎಷ್ಟು ಗ್ರಾಂ ಎಂದು ಕೇಳುತ್ತಾರೆ. ಕೇಳಿದ್ದಕ್ಕೆ ಉತ್ತರ ಬರುತ್ತದೆ, ಫೈಲು ಮುಚ್ಚುತ್ತದೆ. ಆದರೆ ರಾಸಾಯನಿಕ ವಿಶ್ಲೇಷಣೆ ಹೇಳುವುದು ಧಾತುವಿನ ಪ್ರಮಾಣವನ್ನು. ಅದು ಯಾವ ಖನಿಜದಲ್ಲಿ ಕೂತಿದೆ ಎಂಬುದನ್ನಲ್ಲ.

ಚನ್ನಗಿರಿ ಸೀಮೆಯ ಹನುಮಲಾಪುರವನ್ನು ನೋಡಿ. ಆ ಭಾಗದ ಟೈಟಾನಿಯಂ, ವನೇಡಿಯಂ ಬೆರೆತ ಮ್ಯಾಗ್ನೆಟೈಟ್ ದಶಕಗಳಿಂದ ಗೊತ್ತಿದ್ದದ್ದೇ. ಅದೇ ಶಿಲಾಸಮೂಹದಲ್ಲಿ ಪ್ಲಾಟಿನಂ, ಪಲ್ಲೇಡಿಯಂ ಇವೆ ಎಂಬ ವಿವರವಾದ ಅಧ್ಯಯನ ಬಂದದ್ದು ಬಹಳ ತಡವಾಗಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಟಿ.ಸಿ. ದೇವರಾಜು ಅವರು ಫಿನ್‌ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ ಬರೆದ ಪ್ರಬಂಧ 2008ರಲ್ಲಿ ಪ್ರಕಟವಾಯಿತು. ಇಂಥ ಖನಿಜಗಳ ಕಣಗಳು ಮೈಕ್ರಾನ್ ಲೆಕ್ಕದವು. ಭೂತಗನ್ನಡಿಗೆ ಕಾಣುವುದಿಲ್ಲ, ಕಲ್ಲನ್ನು ನುಣುಪಾಗಿ ಉಜ್ಜಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟವರಿಗೆ ಮಾತ್ರ ಸಿಗುತ್ತವೆ. ನಮ್ಮ ರಾಜ್ಯದ ಖನಿಜಶೋಧದಲ್ಲಿ ನಾನು ಅತ್ಯಂತ ಗೌರವದಿಂದ ನೋಡುವ ಕೆಲಸಗಳಲ್ಲಿ ಇದೊಂದು. ಹೊಸ ಗುಡ್ಡ ಹುಡುಕದೆ, ಎಲ್ಲರಿಗೂ ಗೊತ್ತಿದ್ದ ಕಲ್ಲನ್ನೇ ಮತ್ತೆ ಓದಿದ ಕೆಲಸ ಅದು.

ಎಲ್ಲಕ್ಕೂ ಅಂಥ ದುಬಾರಿ ಯಂತ್ರ ಬೇಕಿಲ್ಲ. ಟಂಗ್‌ಸ್ಟನ್‌ನ ಅದಿರಾದ ಶೀಲೈಟ್ ಹಗಲಿನಲ್ಲಿ ಬೆಣಚುಕಲ್ಲಿನ ಬಿಳುಪಿನಲ್ಲಿ ಕಳೆದುಹೋಗುತ್ತದೆ. ಕತ್ತಲಲ್ಲಿ ಅತಿನೇರಳೆ ದೀಪ ಹಿಡಿದರೆ ನೀಲಿಬಿಳಿಯಾಗಿ ಹೊಳೆಯುತ್ತದೆ. ಕೋಲಾರದ ಚಿನ್ನದ ಅದಿರಿನಲ್ಲಿ ಶೀಲೈಟ್ ಇತ್ತು. ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬಗಳಿಗೂ ಅದು ಸೇರಿದೆ. 2001ರಲ್ಲಿ ಗಣಿ ಮುಚ್ಚಿತು, ದಿಬ್ಬಗಳು ಉಳಿದವು. ದೀಪವನ್ನೂ ಕುರುಡಾಗಿ ನಂಬುವಂತಿಲ್ಲ: ಕೆಲವು ಕ್ಯಾಲ್ಸೈಟ್, ಫ್ಲೋರೈಟ್‌ಗಳೂ ಹೊಳೆಯುತ್ತವೆ. ಹೊಳೆದ ಕಣವನ್ನು ಕೈಗೆತ್ತಿಕೊಂಡು ಪರೀಕ್ಷಿಸುವ ತಾಳ್ಮೆ ಬೇಕು.

ಯಂತ್ರವನ್ನು ಅತಿಯಾಗಿ ನಂಬಿದರೆ ಆಗುವ ನಷ್ಟಕ್ಕೆ ಲಿಥಿಯಂ ಒಳ್ಳೆಯ ಉದಾಹರಣೆ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ, ಅಲ್ಲಾಪಟ್ಟಣದ ಪೆಗ್ಮಟೈಟ್ ಶಿಲೆಗಳಲ್ಲಿ ಪ್ರಾಥಮಿಕ ಅಂದಾಜಿನಂತೆ 1,600 ಟನ್ ಲಿಥಿಯಂ ಇದೆ ಎಂದು 2021ರಲ್ಲಿ ಕೇಂದ್ರ ಸರ್ಕಾರ ತಿಳಿಸಿತು. ಲಿಥಿಯಂ ಹೊತ್ತ ಸ್ಪೊಡ್ಯೂಮಿನ್ ನೋಡಲು ಫೆಲ್ಡ್‌ಸ್ಪಾರ್‌ನಂತೆ. ಈಗ ಕ್ಷೇತ್ರದಲ್ಲಿ ಎಲ್ಲರ ಕೈಯಲ್ಲಿರುವ, ಎಕ್ಸ್-ಕಿರಣದಿಂದ ಧಾತು ಗುರುತಿಸುವ ಎಕ್ಸ್‌ಆರ್‌ಎಫ್ ಗನ್ನು ಲಿಥಿಯಂನಷ್ಟು ಹಗುರ ಧಾತುವನ್ನು ಹಿಡಿಯಲಾರದು. ಪರದೆಯಲ್ಲಿ ಲಿಥಿಯಂ ಕಾಣಲಿಲ್ಲವೆಂದು ಕಲ್ಲು ಎಸೆದರೆ ತಪ್ಪು ಗನ್ನಿನದಲ್ಲ. ಅದೇ ಕಲ್ಲನ್ನು ಅಂಗೈಯಲ್ಲಿ ತೂಗಿ ನೋಡಿದವರಿಗೆ ಫೆಲ್ಡ್‌ಸ್ಪಾರ್‌ಗಿಂತ ಭಾರ ಎಂಬ ಅನುಮಾನವಾದರೂ ಹುಟ್ಟುತ್ತದೆ: ಸ್ಪೊಡ್ಯೂಮಿನ್‌ನ ಸಾಂದ್ರತೆ 3.1ರ ಮೇಲೆ, ಫೆಲ್ಡ್‌ಸ್ಪಾರ್‌ನದು 2.6ರ ಆಸುಪಾಸು.

ಖರ್ಚಿನ ಮಾತು ಬರುತ್ತದೆ. ಪ್ರತಿ ಮೀಟರ್ ಕೋರ್‌ಗೂ ಸೂಕ್ಷ್ಮದರ್ಶಕದ ಅಧ್ಯಯನ ಆಗದು, ಒಪ್ಪುತ್ತೇನೆ. ಆದರೆ ಶಿಲೆ ಬದಲಾದ ಕಡೆಗಳಲ್ಲೆಲ್ಲ 0.03 ಮಿಲಿಮೀಟರ್ ದಪ್ಪದ ಒಂದು ತೆಳುಪದರ ಕಡಿಸಿ ನೋಡುವ ಖರ್ಚು, ಬೋರ್ ಕೊರೆಯುವ ಖರ್ಚಿನ ಮುಂದೆ ಏನೂ ಅಲ್ಲ. ಆ ಅಧ್ಯಯನ ವರದಿಯ ಕೊನೆಯ ಅನುಬಂಧವಾಗಿ ಬರುವುದನ್ನು ನಾನು ಒಪ್ಪಲಾರೆ. ಪ್ರಯೋಗಾಲಯಕ್ಕೆ ಏನೇನು ಕೇಳಬೇಕು ಎಂದು ಪಟ್ಟಿ ಬರೆಯುವ ಮೊದಲೇ ಅದು ಭೂವಿಜ್ಞಾನಿಯ ಮೇಜಿನ ಮೇಲಿರಬೇಕು. ವಿಶ್ಲೇಷಣೆಗೆ ಹೋಗದ ಅರ್ಧ ಕೋರ್ ಕೂಡ ಗುರುತುಚೀಟಿ ಸಮೇತ ಉಳಿಯಬೇಕು. ಟಂಗ್‌ಸ್ಟನ್, ಲಿಥಿಯಂ, ಪ್ಲಾಟಿನಂ ಗುಂಪಿನ ಲೋಹಗಳನ್ನು ಕೇಂದ್ರ ಸರ್ಕಾರ 2023ರಲ್ಲಿ ನಿರ್ಣಾಯಕ ಖನಿಜಗಳ ಪಟ್ಟಿಗೆ ಸೇರಿಸಿದೆ. ಹಿಂದೆ ಬೇರೇನನ್ನೋ ಹುಡುಕುತ್ತ ಕೊರೆದ ಕೋರ್‌ಗಳ ಪೆಟ್ಟಿಗೆಗಳನ್ನು ಮತ್ತೆ ತೆರೆದು ನೋಡಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.