ಪಗಡೆಯ ಹಾಸಿನಿಂದ ಏಳುವ ಹೊತ್ತು

ರನ್ನನ 'ಗದಾಯುದ್ಧ'ವನ್ನು ತರಗತಿಯಲ್ಲಿ ಪಾಠ ಹೇಳತೊಡಗಿ ಹದಿನೈದು ವರ್ಷಗಳ ಮೇಲಾಯಿತು. ಶರಶಯ್ಯೆಯಲ್ಲಿರುವ ಭೀಷ್ಮನು ಸಂಧಿಯ ಮಾತೆತ್ತುವ, ದುರ್ಯೋಧನನು ಅದನ್ನು ಒಲ್ಲೆನೆನ್ನುವ ಭಾಗಕ್ಕೆ ಬಂದಾಗಲೆಲ್ಲ ನನ್ನ ಸ್ವರ ತಾನಾಗಿಯೇ ಏರುತ್ತದೆ. ಹುಡುಗರೂ ತಲೆಯೆತ್ತಿ ಕೇಳುತ್ತಾರೆ. ಈಚೆಗೆ ಹೀಗೆಯೇ ಪಾಠ ನಡೆದಿದ್ದಾಗ ಔರಾದದ ಕಡೆಯಿಂದ ದಿನಾಲು ಬಸ್ಸಿನಲ್ಲಿ ಬೀದರಕ್ಕೆ ಬರುವ ಹುಡುಗನೊಬ್ಬ ಹಿಂದಿನ ಬೆಂಚಿನಿಂದ ಎದ್ದು, "ಸರ್, ಸೋತೀನಿ ಅಂತ ಗೊತ್ತಾದ ಮ್ಯಾಲೂ ಆಟ ಬಿಡಲಿಲ್ಲಂದ್ರ ಅದು ದೊಡ್ಡಸ್ತಿಕಿ ಹ್ಯಾಂಗ್ರಿ? ನಮ್ಮೂರಾಗ ಇಸ್ಪೀಟ್ ಆಡವ್ರಿಗಿ ಯಾರೂ ಹಿಂಗ ಹೊಗಳಂಗಿಲ್ಲ" ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಅಷ್ಟರಲ್ಲಿ ಗಂಟೆ ಹೊಡೆಯಿತು, ಪಾರಾದೆ.

ಗಂಟೆಯಿಂದ ಪಾರಾಗಬಹುದು, ಪ್ರಶ್ನೆಯಿಂದ ಆಗದು. ದುರ್ಯೋಧನನ ಛಲವನ್ನು ಗುಣವೆಂದು ಎಣಿಸುವುದು ಕನ್ನಡದಲ್ಲಿ ಬಹು ಹಳೆಯ ರೂಢಿ. 941ರಲ್ಲಿ ಪಂಪನು 'ವಿಕ್ರಮಾರ್ಜುನ ವಿಜಯ'ವನ್ನು ಮುಗಿಸುವಾಗ ಭಾರತದ ವೀರರನ್ನು ಒಬ್ಬೊಬ್ಬರಾಗಿ ಒಂದೊಂದು ಗುಣಕ್ಕೆ ಹೆಸರಿಸುತ್ತಾನೆ. ಅಲ್ಲಿ ಛಲಕ್ಕೆ ನಿಲ್ಲುವವನು ದುರ್ಯೋಧನನೇ. ರನ್ನನಿಗಾದರೋ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಹಾಡಬೇಕಾದ ಹೊಣೆಯಿತ್ತು. ಹೊಣೆ ಭೀಮನ ಕಡೆ, ಮನಸ್ಸು ದುರ್ಯೋಧನನ ಕಡೆ ಎಂದು ಓದುಗರಿಗೆ ಅನಿಸದೆ ಇರದು. 1926ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು 'ಗದಾಯುದ್ಧ ನಾಟಕಂ' ರಚಿಸಿದ ಮೇಲೆ ಆತನು ದುರಂತನಾಯಕನೆಂಬ ಮಾತು ನಮ್ಮ ಪಠ್ಯಪುಸ್ತಕಗಳಲ್ಲಿಯೂ ಪರೀಕ್ಷೆಯ ಪ್ರಶ್ನೆಗಳಲ್ಲಿಯೂ ನೆಲೆಯೂರಿತು. ನಮ್ಮಂಥ ಅಧ್ಯಾಪಕರು ಅದನ್ನೇ ಹೇಳುತ್ತ ಬಂದೆವು. ಆ ಮಾತು ಸುಳ್ಳಲ್ಲ. ಆದರೆ ಔರಾದದ ಹುಡುಗ ಕೇಳಿದ್ದು ನಾಯಕನು ದುರಂತನೋ ಅಲ್ಲವೋ ಎಂದಲ್ಲ. ಆಟಗಾರನು ಒಳ್ಳೆಯವನೋ ಅಲ್ಲವೋ ಎಂದು.

ಈ ಕಣ್ಣಿನಿಂದ ಕಾವ್ಯವನ್ನು ಇನ್ನೊಮ್ಮೆ ಓದಿದೆ. ಹನ್ನೊಂದು ಅಕ್ಷೋಹಿಣಿಯ ಒಡೆಯನು ಸಂಜಯನೊಬ್ಬನನ್ನು ಸಂಗಡ ಕಟ್ಟಿಕೊಂಡು ಹೆಣಗಳ ನಡುವೆ ಕಾಲಿಡಲು ಎಡೆ ಹುಡುಕುತ್ತ ನಡೆದಿದ್ದಾನೆ. ದ್ರೋಣ ಬಿದ್ದಿದ್ದಾನೆ, ದುಶ್ಶಾಸನ ಬಿದ್ದಿದ್ದಾನೆ, ಮಗ ಲಕ್ಷಣಕುಮಾರ ಬಿದ್ದಿದ್ದಾನೆ, ಕರ್ಣ ಬಿದ್ದಿದ್ದಾನೆ. ಮಣೆಯ ಮೇಲೆ ರಾಜನೊಬ್ಬನೇ ಉಳಿದ ಹೊತ್ತು. ಶತ್ರುವಿನ ಮಗನಾದ ಅಭಿಮನ್ಯುವಿನ ಶವದ ಮುಂದೆ ಕೈಮುಗಿದು, ಇಂಥ ಸಾವು ತನಗೂ ಬರಲೆಂದು ಬೇಡಿಕೊಳ್ಳುವ ಉದಾರತೆ ಅವನಿಗಿದೆ. ಈ ಕಾವ್ಯದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಸ್ಥಳ ಇದು. ತಂದೆತಾಯಿಗಳು ಬಂದು ಸಂಧಿಗೆ ಒಪ್ಪೆಂದು ಅಂಗಲಾಚುತ್ತಾರೆ. ಕೊನೆಗೆ ಅಜ್ಜ ಭೀಷ್ಮನೂ ಅದನ್ನೇ ಹೇಳುತ್ತಾನೆ. ಮೊಮ್ಮಗನ ಉತ್ತರ ನಮಗೆಲ್ಲ ಗೊತ್ತು: ತಾನು ಹೋರಾಡುವುದು ಭೂಮಿಯ ಆಸೆಗಲ್ಲ, ಕರ್ಣನೂ ತಮ್ಮನೂ ಇಲ್ಲದ ನೆಲ ತನಗೆ ಪಾಳುಬಿದ್ದ ನೆಲ.

ಇಲ್ಲಿ ಲೆಕ್ಕದ ಮನುಷ್ಯ ಸಿಡಿಮಿಡಿಗೊಳ್ಳುತ್ತಾನೆ. ಹೋದದ್ದು ಹೋಯಿತು, ಉಳಿದದ್ದನ್ನಾದರೂ ಉಳಿಸಿಕೊ ಎನ್ನುತ್ತಾನೆ. ಆದರೆ ದುರ್ಯೋಧನನ ಮಾತಿನಲ್ಲಿ ಗೆಲ್ಲುವ ಆಸೆಯೇ ಇಲ್ಲ ಎಂಬುದನ್ನು ಗಮನಿಸಬೇಕು. ಹೋದ ಹಣವನ್ನು ಹಿಂದಕ್ಕೆ ಪಡೆಯಲು ಇನ್ನಷ್ಟು ಒಡ್ಡುವ ಜೂಜುಗಾರನ ಮಾತಲ್ಲ ಅದು. ತನಗಾಗಿ ಸತ್ತವರ ಕಡೆಗೆ ಬೆನ್ನು ಮಾಡಿ ಶತ್ರುವಿನೊಡನೆ ಉಣ್ಣಲಾರದವನ ಮಾತು. ಇಷ್ಟರಮಟ್ಟಿಗೆ ನಮ್ಮ ಹಿರಿಯ ವಿಮರ್ಶಕರು ಹೇಳಿದ್ದು ಸರಿ, ಹುಡುಗನ ಇಸ್ಪೀಟಿನ ಹೋಲಿಕೆ ತಪ್ಪು.

ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಸಂಧಿ ಬೇಡವಾದರೆ ಬೇಡ, ಆ ದಿನ ಕಳೆಯುವವರೆಗೆ, ತನ್ನ ಕಡೆಯವರು ಬಂದು ಕೂಡುವವರೆಗೆ, ವೈಶಂಪಾಯನ ಸರೋವರದಲ್ಲಿ ಅಡಗಿರು ಎಂದು ಭೀಷ್ಮನು ಇನ್ನೊಂದು ದಾರಿ ತೋರಿಸುತ್ತಾನೆ. ಆಡುವುದು, ಬಿಡುವುದು ಇವೆರಡರ ನಡುವೆ ಮೂರನೆಯದೊಂದುಂಟು, ಅದು ಕಾಯುವುದು. ಭಾಲ್ಕಿಯ ಕಡೆಯ ಹಳ್ಳಿಯ ಕಟ್ಟೆಗಳ ಮೇಲೆ ಹುಲಿ-ಕುರಿ ಆಡುವ ಮುದುಕರಿಗೆ ಇದು ಚೆನ್ನಾಗಿ ಗೊತ್ತು. ನಾಲ್ಕು ಕುರಿ ಹೋದರೂ ಅವರು ಗೆರೆಯಿಂದ ಗೆರೆಗೆ ಒಂದೊಂದೇ ಕುರಿಯನ್ನು ಸರಿಸುತ್ತ, ಎಲೆ ಅಡಿಕೆ ಜಗಿಯುತ್ತ, ಎದುರಿನವನಿಗೆ ಬೇಸರ ಬರಿಸಿ ಹುಲಿಯನ್ನು ಮೂಲೆಗೆ ಕಟ್ಟುತ್ತಾರೆ. ಛಲವೇ ಆದ ಮನುಷ್ಯನಿಂದ ಇದಾಗಲಿಲ್ಲ. ದಡದ ಮೇಲೆ ನಿಂತು ಭೀಮ ಗರ್ಜಿಸಿದ, ಒಳಗಿದ್ದವನು ನೀರಿನ ತಂಪಿನಲ್ಲಿಯೂ ಬೆಂದ, ಎದ್ದು ಬಂದ. ಕವಿಗೆ ಅದೊಂದು ಮಹಾಕ್ಷಣ. ನಾನಾದರೋ ಈಚೆಗೆ ಆ ಪದ್ಯವನ್ನು ಓದುವಾಗ, ಸೋಲು ನಿಜವಾಗಿ ಆದದ್ದು ಇಲ್ಲಿಯೇ ಎಂದುಕೊಳ್ಳುತ್ತೇನೆ. ಆಟ ಬಿಡದೆ ಇದ್ದದ್ದು ಅವನ ತಪ್ಪಲ್ಲ. ತನ್ನ ನಡೆ ಯಾವಾಗ ಎಂಬುದನ್ನು ಎದುರಾಳಿಯ ಕೂಗಿಗೆ ಬಿಟ್ಟುಕೊಟ್ಟದ್ದು ತಪ್ಪು.

ಕೂಗಿಗೆ ಏಳದವನೊಬ್ಬನು ನಮ್ಮ ಇತಿಹಾಸದಲ್ಲಿದ್ದಾನೆ. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡರು. ದೊರೆ ಅರಮನೆಯಲ್ಲಿ ಕುಳಿತು ಬಗೆಬಗೆಯ ಮಣೆಯಾಟಗಳನ್ನು ಕಲ್ಪಿಸಿದರು. ಚದುರಂಗದ ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಬಂಧಗಳನ್ನು ಹೆಣೆದರು. ರಾಜ್ಯ ಹೋದವನ ಕಾಲಹರಣವೆಂದು ನಗಬಹುದು. ಆದರೆ ಅದೇ ಕೈ ರಾಜ್ಯವನ್ನು ಮರಳಿ ಕೊಡಿರೆಂದು ಮೇಲಿಂದ ಮೇಲೆ ಮನವಿ ಕಳುಹಿಸುತ್ತಲೇ ಇತ್ತು. 1865ರಲ್ಲಿ ದತ್ತು ಸ್ವೀಕರಿಸಿದರು, 1868ರಲ್ಲಿ ತೀರಿಕೊಂಡರು, 1881ರಲ್ಲಿ ಆ ದತ್ತುಮಗನಿಗೆ ರಾಜ್ಯ ಮರಳಿತು. ಮೂವತ್ತೇಳು ವರ್ಷ ಸರೋವರದಲ್ಲಿದ್ದು ಕಾದವರು ಎನ್ನಬಹುದು. ಆದರೆ ಇದರ ಮೇಲೆ ಯಾರೂ ಮಹಾಕಾವ್ಯ ಬರೆಯಲಿಲ್ಲ. ಕಾಯುವಿಕೆಯಲ್ಲಿ ರಸ ಕಡಿಮೆ, ಏನು ಮಾಡೋಣ!

ಇನ್ನು ಧರ್ಮರಾಯನ ವಿಷಯ. ನನ್ನ ಮಟ್ಟಿಗೆ ಹುಡುಗನ ಪ್ರಶ್ನೆ ನಿಜವಾಗಿ ತಟ್ಟಬೇಕಾದದ್ದು ಇವನನ್ನು. ಸಭಾಪರ್ವದ ದ್ಯೂತದಲ್ಲಿ ಐಶ್ವರ್ಯ ಹೋಯಿತು, ಸೇನೆ ಹೋಯಿತು, ತಮ್ಮಂದಿರು ಹೋದರು, ತಾನೂ ಹೋದ. ಆಗ ಶಕುನಿ ಆಡುವ ಮಾತನ್ನು ವ್ಯಾಸನು ಎಷ್ಟು ಸೂಕ್ಷ್ಮವಾಗಿ ಇಟ್ಟಿದ್ದಾನೆ! ಇನ್ನೂ ಸೋಲದ ಪಣವೊಂದು ನಿನ್ನಲ್ಲಿದೆ, ಅವಳನ್ನು ಒಡ್ಡಿ ನಿನ್ನನ್ನು ನೀನೇ ಬಿಡಿಸಿಕೊ ಎಂದು. ಜೂಜಿನ ಮರ್ಮವೆಲ್ಲ ಆ ಮಾತಿನಲ್ಲಿದೆ. ಆಡುವುದು ಈಗ ಗೆಲ್ಲಲಿಕ್ಕಲ್ಲ, ಮುಂಚಿನ ಸ್ಥಿತಿಗೆ ಮರಳಲಿಕ್ಕೆ. ಧೃತರಾಷ್ಟ್ರನು ಎಲ್ಲವನ್ನೂ ಹಿಂದಿರುಗಿಸಿದ ಮೇಲೆಯೂ ಕರೆ ಬಂದಿತೆಂದು ಅರ್ಧದಾರಿಯಿಂದ ಮರಳಿ ಬಂದು ಮತ್ತೆ ದಾಳ ಹಿಡಿದನಲ್ಲ, ಅದಕ್ಕೆ ಕ್ಷತ್ರಿಯಧರ್ಮದ ಸಮಾಧಾನ ಹೇಳುವ ಪಂಡಿತರಿದ್ದಾರೆ. ನನಗೆ ಅದು ಒಪ್ಪಿಗೆಯಾಗಿಲ್ಲ. ಕರೆದಾಗಲೆಲ್ಲ ಹೋಗುವುದು ಧರ್ಮವಾದರೆ ಕರೆಯುವವನೇ ಧರ್ಮದ ಯಜಮಾನನಾಗುತ್ತಾನೆ.

ವನಪರ್ವದಲ್ಲಿ ಬೃಹದಶ್ವನು ಈ ಧರ್ಮರಾಯನಿಗೇ ನಳನ ಕಥೆ ಹೇಳುತ್ತಾನೆ. ಕನ್ನಡದಲ್ಲಿ ಕನಕದಾಸರ 'ನಳಚರಿತ್ರೆ'ಯಿಂದ ಆ ಕಥೆ ನಮಗೆಲ್ಲ ಆಪ್ತವಾಗಿದೆ. ನಳನೂ ಜೂಜಿನಲ್ಲಿ ಎಲ್ಲವನ್ನೂ ಕಳೆದವನೇ. ಆದರೆ ವ್ಯಾಸನಲ್ಲಿ ಪುಷ್ಕರನು ನಕ್ಕು, ದಮಯಂತಿಯೊಬ್ಬಳು ಉಳಿದಿದ್ದಾಳೆ, ಅವಳನ್ನು ಒಡ್ಡುತ್ತೀಯಾ ಎಂದು ಕೇಳಿದಾಗ ನಳನು ಮಾತಾಡುವುದಿಲ್ಲ. ದುರುಗುಟ್ಟಿ ನೋಡಿ, ಮೈಮೇಲಿನ ಒಡವೆಗಳನ್ನು ಕಳಚಿಟ್ಟು, ಉಟ್ಟ ಬಟ್ಟೆಯಲ್ಲಿ ಹೊರಟುಹೋಗುತ್ತಾನೆ. ಹಾಸಿನಿಂದ ಎದ್ದವನು ಅವನೊಬ್ಬನೇ. ಮುಂದೆ ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತು ಬಂದು ಮತ್ತೆ ಆಡಿ ಗೆದ್ದ. ಎದ್ದದ್ದರಿಂದಲೇ ಕಲಿಯಲು ಎಡೆಯಾಯಿತು. (ಮರಳಿ ಆಡುವಾಗ ಅದೇ ದಮಯಂತಿಯನ್ನು ಪಣಕ್ಕೆ ಹೇಳುತ್ತಾನೆ ಎಂಬ ಸಂಗತಿಯೂ ಮೂಲದಲ್ಲಿದೆ. ಅದನ್ನು ಬಚ್ಚಿಡುವುದು ಸರಿಯಲ್ಲ. ನಳನನ್ನು ಪೂರ್ತಿ ಆದರ್ಶವೆಂದು ಹಾಡುವವರಿಗೆ ಅದು ಗಂಟಲಲ್ಲಿ ಸಿಕ್ಕುವ ಮುಳ್ಳು.)

ಛಲವೆಂಬ ಪದಕ್ಕೆ ನಮ್ಮ ಈ ನೆಲದಲ್ಲಿಯೇ ಇನ್ನೊಂದು ಅರ್ಥ ಹುಟ್ಟಿದೆ. ರನ್ನನ ದೊರೆಗಳ ವಂಶದವರು ಮುಂದೆ ಹನ್ನೊಂದನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲ್ಯಾಣಕ್ಕೆ ತಂದರು. ಇಂದಿನ ಬಸವಕಲ್ಯಾಣ ನಮ್ಮ ಬೀದರ ಜಿಲ್ಲೆಯದೇ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ದಲ್ಲಿ ಚದುರಂಗ, ಪಗಡೆ, ಕವಡೆಯಾಟಗಳನ್ನು ಅರಸನ ಕ್ರೀಡೆಗಳಲ್ಲಿ ಸೇರಿಸಿ ವಿವರಿಸಿದ್ದಾನೆ. ಅದೇ ಶತಮಾನದಲ್ಲಿ ಅದೇ ಊರಿನಲ್ಲಿದ್ದ ಬಸವಣ್ಣನವರು ಒಂದು ವಚನದಲ್ಲಿ ಶರಣನಿಗೆ ಛಲ ಬೇಕೆನ್ನುತ್ತಾರೆ. ಯಾತಕ್ಕೆ? ಇನ್ನೊಬ್ಬರ ಹಣವನ್ನು, ಇನ್ನೊಬ್ಬರ ಮಡದಿಯನ್ನು ಒಲ್ಲೆನೆನ್ನುವುದಕ್ಕೆ. ಪಂಪ ರನ್ನರ ಛಲ ಹಿಡಿದದ್ದನ್ನು ಬಿಡದ ಛಲ. ಬಸವಣ್ಣನವರದು ಕೈಚಾಚದ ಛಲ. ನಳನು ಎದ್ದು ನಡೆದದ್ದು ಈ ಎರಡನೆಯದಕ್ಕೆ ಹತ್ತಿರವಾದದ್ದು. ಅದನ್ನು ಹೇಡಿತನವೆನ್ನಲು ಯಾರಿಗೂ ಬಾಯಿ ಬಾರದು.

ಇಷ್ಟು ಬರೆಯಲು ನನಗೊಂದು ಸ್ವಂತ ಕಾರಣವೂ ಇದೆ. ಕೆಲವು ವರ್ಷಗಳ ಹಿಂದೆ ಭಾಲ್ಕಿ ತಾಲೂಕಿನ ಒಬ್ಬ ವಿದ್ಯಾರ್ಥಿ ಎರಡು ಸಲ ನಪಾಸಾಗಿ ನನ್ನ ಬಳಿ ಬಂದಿದ್ದ. "ಇನ್ನೊಮ್ಮೆ ಕೂಡ್ಲೇನ್ರಿ ಸರ್, ಇಲ್ಲಾ ಅಪ್ಪನ ಅಂಗಡ್ಯಾಗ ಕೂಡ್ಲಿ?" ಎಂದು ಕೇಳಿದ. ನಾನು ಅವನ ಅಂಕಪಟ್ಟಿಯನ್ನು ನೋಡಲಿಲ್ಲ, ಯಾವ ವಿಷಯದಲ್ಲಿ ಏಕೆ ಕೆಟ್ಟಿತೆಂದು ಕೇಳಲಿಲ್ಲ. ದುರ್ಯೋಧನನ ಛಲದ ಮೇಲೆ ಹತ್ತು ನಿಮಿಷ ಸೊಗಸಾಗಿ ಮಾತಾಡಿದೆ. ಅವನು ಮೂರನೆಯ ಸಲವೂ ಅದೇ ಓದಿನಿಂದ ಕುಳಿತು ಅದೇ ಫಲ ಪಡೆದು, ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋದನೆಂದು ಆಮೇಲೆ ಕೇಳಿದೆ. ಬಿಡು ಎನ್ನಬೇಕಾಗಿತ್ತೆಂದು ಈಗಲೂ ಹೇಳಲಾರೆ. ಋತುಪರ್ಣನ ಕಡೆಗೆ ದಾರಿ ತೋರಿಸಬೇಕಾಗಿತ್ತು. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ನಮ್ಮ ಗುಕೇಶ್ 12ನೆಯ ಆಟವನ್ನು ಸೋತೂ 14ನೆಯದನ್ನು ಗೆದ್ದು ಚದುರಂಗದ ಜಗಜ್ಜೇತನಾದಾಗ ಪತ್ರಿಕೆಗಳೆಲ್ಲ ಛಲವನ್ನೇ ಹೊಗಳಿದವು. ಎರಡು ಆಟಗಳ ನಡುವಿನ ಆ ದಿನಗಳಲ್ಲಿ ಹುಡುಗ ಕುಳಿತು ಏನನ್ನು ತಿದ್ದಿಕೊಂಡನೆಂದು ಕೇಳಿದವರು ಕಡಿಮೆ.

ಔರಾದದ ಹುಡುಗನಿಗೆ ಮುಂದಿನ ತರಗತಿಯಲ್ಲಿ ವಿರಾಟಪರ್ವವನ್ನು ಓದಿ ಬಾ ಎಂದೆ. ಬೃಹದಶ್ವನಿಂದ ಅಕ್ಷವಿದ್ಯೆಯನ್ನು ಕಲಿತ ಧರ್ಮರಾಯನು ಅಲ್ಲಿ ಕಂಕನೆಂಬ ಹೆಸರಿನಲ್ಲಿ ವಿರಾಟನ ಜೂಜಿನ ಜೊತೆಗಾರನಾಗಿದ್ದಾನೆ. ಗೆಲ್ಲಬಲ್ಲವನಿಗೆ ಆಗ ಗೆಲ್ಲಲು ತನ್ನದೆಂಬುದು ಏನೂ ಇಲ್ಲ. ಮಾತಿಗೆ ಮಾತು ಬೆಳೆದು ವಿರಾಟನು ದಾಳವನ್ನೇ ಎತ್ತಿ ಅವನ ಮುಖಕ್ಕೆ ಹೊಡೆಯುತ್ತಾನೆ. ಮೂಗಿನಿಂದ ಸುರಿದ ನೆತ್ತರು ನೆಲಕ್ಕೆ ಬೀಳದಂತೆ ಧರ್ಮರಾಯ ಬೊಗಸೆಯೊಡ್ಡುತ್ತಾನೆ. ಅವನ ಕಣ್ಣಿನ ಸನ್ನೆಯನ್ನರಿತು ಚಿನ್ನದ ಪಾತ್ರೆಯಲ್ಲಿ ನೀರು ತಂದು ಹಿಡಿಯುವವಳು, ಒಂದು ಕಾಲಕ್ಕೆ ಅವನು ಪಣಕ್ಕೊಡ್ಡಿದ್ದ ದ್ರೌಪದಿ.