ಸಂಕೇತವೂ ಪಾಠವೂ: ಐ.ಆರ್.ಸಿ. ದಾಖಲೆಗಳ ಒಂದು ಸಮಸ್ಯೆ

ಫಿನ್ಲೆಂಡಿನ ಊಲು ವಿಶ್ವವಿದ್ಯಾನಿಲಯದಲ್ಲಿ ಯಾರ್ಕ್ಕೊ ಓಯ್ಕರಿನೆನ್ ಅವರು 1988ರಲ್ಲಿ ರಚಿಸಿದ ಐ.ಆರ್.ಸಿ. ಎಂಬ ಗಣಕ ಸಂಭಾಷಣಾ ವ್ಯವಸ್ಥೆಯ ಉಳಿದಿರುವ ದಾಖಲೆಗಳು ಇಂದು ಇತಿಹಾಸಕಾರನಿಗೂ ಆಕರಗಳಾಗಿವೆ. ಆಕರವೆಂದ ಮೇಲೆ ಪಾಠಶುದ್ಧಿಯ ಪ್ರಶ್ನೆ ತಪ್ಪದು. ಅಕ್ಷರಗಳಿಗೆ ಬಣ್ಣ ಕೊಡುವ ಸಂಕೇತಪದ್ಧತಿ ಈ ಪಾಠವನ್ನು ಹೇಗೆ ಕೆಡಿಸಬಲ್ಲುದೆಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

1993ರಲ್ಲಿ ಪ್ರಕಟವಾದ ಈ ವ್ಯವಸ್ಥೆಯ ನಿಯಮಾವಳಿ ಬಣ್ಣದ ವಿಷಯದಲ್ಲಿ ಮೌನವಾಗಿದೆ. 1995ರಲ್ಲಿ ಹೊರಬಂದ, ಖಲೀದ್ ಮರ್ದಮ್-ಬೇ ಅವರ ಎಂಐಆರ್‌ಸಿ ತಂತ್ರಾಂಶದ ರೂಢಿಯೇ ಮುಂದೆ ನಿಯಮದ ಸ್ಥಾನವನ್ನು ಪಡೆಯಿತು. ಅದರಂತೆ, 3 ಎಂಬ ಕ್ರಮಸಂಖ್ಯೆಯ ಅಗೋಚರ ನಿಯಂತ್ರಣಾಕ್ಷರದ ಮುಂದೆ ಒಂದು ಅಥವಾ ಎರಡು ಅಂಕೆ ಬಂದರೆ ಅದು ಅಕ್ಷರದ ಬಣ್ಣ. ಅಲ್ಪವಿರಾಮವೂ ಇನ್ನೊಂದು ಸಂಖ್ಯೆಯೂ ಸೇರಿದರೆ ಹಿನ್ನೆಲೆಯ ಬಣ್ಣ. ಅಂಕೆಯೇ ಇಲ್ಲದಿದ್ದರೆ ಬಣ್ಣದ ಮುಕ್ತಾಯ. ಒಂದು ಸಂದೇಶಕ್ಕೆ 512 ಬೈಟುಗಳ ಮಿತಿಯಿದ್ದುದರಿಂದ ಈ ಸಂಕ್ಷೇಪವು ಗುಣವೆಂದೇ ಹೇಳಬೇಕು.

ಆದರೆ ಆರಂಭಕ್ಕೂ ಮುಕ್ತಾಯಕ್ಕೂ ಒಂದೇ ಚಿಹ್ನೆಯಿರುವುದು ದೋಷ. ಬಣ್ಣವನ್ನು ಮುಗಿಸಿದ ಲೇಖಕನು ಒಡನೆಯೇ 1988 ಎಂದು ಬರೆದನೆನ್ನೋಣ. ಯಂತ್ರವು 19ನ್ನು ಬಣ್ಣವೆಂದು ಗ್ರಹಿಸುತ್ತದೆ; ಓದುಗನಿಗೆ ಉಳಿಯುವುದು 88 ಮಾತ್ರ. ಶತಮಾನವೇ ಲೋಪವಾದಂತಾಯಿತು. ಬಣ್ಣದ ಸಂಖ್ಯೆಯನ್ನು ಸದಾ ಎರಡು ಅಂಕೆಗಳಲ್ಲಿ ಬರೆದು, ಎಲ್ಲ ಅಲಂಕಾರವನ್ನೂ ನಿಲ್ಲಿಸುವ 15ನೆಯ ನಿಯಂತ್ರಣಾಕ್ಷರದಿಂದ ಮುಗಿಸಿದರೆ ಈ ಸಂದಿಗ್ಧವಿರದು.

ಸಂಕೇತಗಳನ್ನು ಅಳಿಸಿ ದಾಖಲೆಯನ್ನು ಶುದ್ಧಗೊಳಿಸುವವರು ಇನ್ನೊಂದು ತಪ್ಪನ್ನು ಸೇರಿಸಬಲ್ಲರು. ಮೂಲರೂಢಿ 0ಯಿಂದ 9ರವರೆಗಿನ ಇಂಗ್ಲಿಷ್ ಅಂಕೆಗಳನ್ನು ಮಾತ್ರ ಬಲ್ಲದು. ಆದುದರಿಂದ ಅದರ ದೃಷ್ಟಿಯಲ್ಲಿ ೧೯೮೮ ಎಂಬ ಕನ್ನಡ ಬರಹ ಅಬಾಧಿತ. ಆದರೆ ಪೈಥಾನ್ 3 ಭಾಷೆಯಲ್ಲಿ, ಪಠ್ಯವನ್ನು ಹುಡುಕುವಾಗ 'ಯಾವುದೇ ಅಂಕೆ' ಎಂದು ಸೂಚಿಸುವ ಚಿಹ್ನೆ ಸಾಮಾನ್ಯವಾಗಿ ಕನ್ನಡದ ಅಂಕೆಗಳನ್ನೂ ಒಳಗೊಳ್ಳುತ್ತದೆ. ಅಂಥ ಸೂತ್ರವನ್ನು ಅವಿಚಾರದಿಂದ ಪ್ರಯೋಗಿಸಿದರೆ, ಪರದೆಯ ಮೇಲೆ ಪೂರ್ಣವಾಗಿ ಕಂಡಿದ್ದ ವರ್ಷವೂ ಶುದ್ಧಪ್ರತಿಯಲ್ಲಿ ೮೮ ಆಗಿಬಿಡುವುದು.

ಹಾಗಾದರೆ ನಿಜವಾದ ಪಾಠ ಯಾವುದು? ಲೇಖಕನು ಬರೆದ 1988ನೋ, ಅಂದಿನ ಓದುಗನು ಕಂಡ 88ನೋ? ಎರಡೂ ಇತಿಹಾಸದ ಸಂಗತಿಗಳೇ ಎಂಬುದು ನಮ್ಮ ಮತ. ಮೊದಲನೆಯದು ಲೇಖಕನ ಉದ್ದೇಶಕ್ಕೆ ಸಾಕ್ಷಿ, ಎರಡನೆಯದು ಅವನ ಮಾತು ತಲುಪಿದ ರೀತಿಗೆ. ಮೂಲವನ್ನು ಅಳಿಸಿ ಶುದ್ಧಪ್ರತಿಯೊಂದನ್ನೇ ಉಳಿಸುವವನು ಈ ಎರಡನ್ನೂ ಕಳೆಯಬಹುದು. ಆದಕಾರಣ ನಿಯಂತ್ರಣಾಕ್ಷರಗಳ ಸಹಿತ ಮೂಲಪ್ರತಿಯನ್ನು ರಕ್ಷಿಸಿ, ಶುದ್ಧಪಾಠವನ್ನು ಅದರ ಪಕ್ಕದಲ್ಲಿ ಇರಿಸುವುದೇ ಸಂಪಾದಕನಿಗೆ ಉಚಿತವಾದ ಮಾರ್ಗ.