ಬೋರ್ಸ್ಟಲ್ ಚರಿತ್ರೆ: ಒಂದು ವಿಮರ್ಶೆ

ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ರೋಚೆಸ್ಟರಿನ ಬಳಿಯಿರುವ ಬೋರ್ಸ್ಟಲ್ ಎಂಬ ಹಳ್ಳಿಯ ಹೆಸರು, ಅಲ್ಲಿಯ ಸೆರೆಮನೆಯ ಮೂಲಕ ತರುಣಾಪರಾಧಿಗಳ ಸುಧಾರಣಾಲಯಗಳಿಗೆಲ್ಲ ಅಂಕಿತವಾಯಿತು. ಈ ಸಂಸ್ಥೆಯ ಚರಿತ್ರೆಯನ್ನು ಕ್ರೌರ್ಯದಿಂದ ಕಾರುಣ್ಯದೆಡೆಗೆ ಸಾಗಿದ ಪ್ರಗತಿಯೆಂದು ನಿರೂಪಿಸುವುದು ವಾಡಿಕೆ. ಈ ನಿರೂಪಣೆ ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಣೀಯವಾಗಿದೆ.

ಅದಕ್ಕೆ ಆಧಾರಗಳಿಲ್ಲವೆಂದಲ್ಲ. ತರುಣರನ್ನು ಪಳಗಿದ ಕೈದಿಗಳಿಂದ ಬೇರ್ಪಡಿಸಬೇಕೆಂಬ ಗ್ಲ್ಯಾಡ್‌ಸ್ಟನ್ ಸಮಿತಿಯ 1895ರ ವಿಚಾರವನ್ನು ಸೆರೆಮನೆಗಳ ಅಧ್ಯಕ್ಷ ರಗಲ್ಸ್-ಬ್ರೈಸ್ ಅವರು ಕಾರ್ಯರೂಪಕ್ಕೆ ತಂದರು. 1922ರಲ್ಲಿ ಅಧಿಕಾರಕ್ಕೆ ಬಂದ ಅಲೆಗ್ಸಾಂಡರ್ ಪ್ಯಾಟರ್ಸನ್ ಅವರು ವಸತಿಶಾಲೆಯ ಪದ್ಧತಿಯನ್ನು ಬೆಳೆಸಿದರು. 1930ರಲ್ಲಿ ಫೆಲ್ಟಮ್ಮಿನಿಂದ ಕಾಲ್ನಡಿಗೆಯಲ್ಲಿ ಹೊರಟ ಬಾಲಕರ ತಂಡವು ಲೌಡಂ ಗ್ರೇಂಜನ್ನು ತಲುಪಿ, ಗೋಡೆಯಿಲ್ಲದ ಬೋರ್ಸ್ಟಲ್ಲನ್ನು ಕಟ್ಟುವುದರಲ್ಲಿ ತಾನೇ ದುಡಿಯಿತು. ಇದು ಸಾಮಾನ್ಯವಾದ ಸಾಧನೆಯಲ್ಲ.

ಆದರೆ ಶಾಸನಗಳನ್ನು ಓದಿದರೆ ಬೇರೊಂದು ಚರಿತ್ರೆ ಗೋಚರಿಸುತ್ತದೆ. 1908ರ ಶಾಸನವು 16ರಿಂದ 21 ವರ್ಷದೊಳಗಿನವರನ್ನು ಒಂದರಿಂದ ಮೂರು ವರ್ಷಗಳವರೆಗೆ ಬಂಧನದಲ್ಲಿಡಲು ಅವಕಾಶವಿತ್ತಿತು. ಅದಕ್ಕೆ ಅಪರಾಧವೊಂದೇ ಸಾಲದು; ಅಪರಾಧಿಯ ದುರಭ್ಯಾಸ, ಪ್ರವೃತ್ತಿ ಅಥವಾ ದುಸ್ಸಹವಾಸವೂ ಕಾರಣವಾಗಬೇಕಿತ್ತು. 1914ರಲ್ಲಿ ಕನಿಷ್ಠ ಅವಧಿಯು ಎರಡು ವರ್ಷಕ್ಕೇರಿತು. ಸಣ್ಣ ಕಳವಿಗೆ ಕೆಲವು ತಿಂಗಳು ಸೆರೆಯಲ್ಲಿರಬಹುದಾಗಿದ್ದ ಹುಡುಗನು ಶಿಕ್ಷಣದ ಹೆಸರಿನಲ್ಲಿ ವರ್ಷಗಟ್ಟಲೆ ಇರಬೇಕಾಯಿತು. ಬಿಡುಗಡೆಯ ದಿನವನ್ನು ನ್ಯಾಯಾಧೀಶನಲ್ಲ, ಆಡಳಿತವು ನಿರ್ಧರಿಸುತ್ತಿತ್ತು. ದಂಡನೆಗೆ ಮಿತಿಯುಂಟು, ಉಪಕಾರಕ್ಕೆ ಮಿತಿಯನ್ನು ವಿಧಿಸುವವರಾರು? ಪ್ರಗತಿಯ ಕಥೆಯನ್ನು ಹೇಳುವವರು ಕೇಳಬೇಕಾದ ಪ್ರಶ್ನೆಯಿದು.

ಈ ಪದ್ಧತಿ ನಮಗೂ ಅಪರಿಚಿತವಲ್ಲ. 1925ರ ಮದರಾಸು ಮತ್ತು 1929ರ ಮುಂಬಯಿ ಬೋರ್ಸ್ಟಲ್ ಶಾಲಾ ಶಾಸನಗಳು ಆ ಪ್ರಾಂತಗಳಲ್ಲಿದ್ದ ಕನ್ನಡ ಜಿಲ್ಲೆಗಳಿಗೂ ಅನ್ವಯಿಸಿದ್ದುವು. ಕೆಂಟ್‌ನಲ್ಲಿ ಸೆರೆಮನೆಯಾಗಿದ್ದುದು ಇಲ್ಲಿಯ ಶಾಸನಗಳಲ್ಲಿ ‘ಶಾಲೆ’ಯೆನಿಸಿತು. ಹೆಸರು ಮೃದುವಾದಷ್ಟೂ ಒಳಗಿನ ಬಂಧನವನ್ನು ಪ್ರಶ್ನಿಸುವುದು ಕಷ್ಟವಾಗುತ್ತದೆ.

ಇಂಗ್ಲೆಂಡು 1982ರ ಶಾಸನದಿಂದ ಬೋರ್ಸ್ಟಲ್ ಶಿಕ್ಷೆಯನ್ನು ರದ್ದುಗೊಳಿಸಿ, ನ್ಯಾಯಾಲಯವೇ ಅವಧಿಯನ್ನು ಗೊತ್ತುಪಡಿಸುವ ಯುವಬಂಧನವನ್ನು ತಂದಿತು. ಆದರ್ಶವು ಕುಗ್ಗಿತೆಂದು ಕೆಲವರು ವಿಷಾದಿಸಬಹುದು. ಆದರೆ ತಾನು ಎಂದು ಮನೆಗೆ ಹೋಗುವೆನೆಂಬುದು ಹುಡುಗನಿಗೆ ಮೊದಲೇ ತಿಳಿಯುವಂತಾದುದು ಅಲ್ಪ ಲಾಭವಲ್ಲ. ಇಂಥ ಸಂಸ್ಥೆಗಳ ಚರಿತ್ರಕಾರನು ಸುಧಾರಕರ ಆಶಯಗಳೊಡನೆ ಅವಧಿಯ ಲೆಕ್ಕವನ್ನೂ ಪರಿಶೀಲಿಸಬೇಕು. ಒಳಗಿದ್ದವನ ಪಾಲಿನ ಚರಿತ್ರೆ ಆ ಲೆಕ್ಕದಲ್ಲಿದೆ.